ಕಡಲ ಬದಿಯ ಮಕ್ಕಳು ಕಡಲ ವಿಜ್ಞಾನದ ಕ್ಲಾಸಿನಲ್ಲಿ ಯಾಕೆ ಕಾಣುವುದಿಲ್ಲ?

ಕಾಳಿ ದಂಡೆ, ಕಾರವಾರ

ಮೇ ಕೊನೆಯ ವಾರ. ಮಳೆಗಾಲದ ಬಂದ್‌ಗೆ ಬೋಟುಗಳು ದಡದ ಮೇಲೆ ಬರುವ ಮುಂಚೆ ಕಾರವಾರ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ನನ್ನ ಅಮ್ಮ ಈಗಲೂ ಅಲ್ಲೇ ಬುಟ್ಟಿ ಇಟ್ಟು ಕೂರುತ್ತಾಳೆ. ಪಕ್ಕದಲ್ಲಿ ಮೀನು ಮಾರುವ ಇನ್ನೊಬ್ಬ ಹೆಂಗಸಿನ ಮಗಳು ಬಂಗಡೆ ಸ್ವಚ್ಛ ಮಾಡುತ್ತಿದ್ದಳು. ಹೊಟ್ಟೆ ಸೀಳಿ ಒಳಗೆ ಬೆರಳು ಹಾಕಿದವಳೇ "ಇದು ಮಳೆ ಬಿದ್ದ ಕೂಡಲೇ ಮೊಟ್ಟೆ ಇಡೋದಿತ್ತು" ಎಂದಳು. ಮೊಟ್ಟೆಯ ಬಣ್ಣ, ಚೀಲ ಎಷ್ಟು ತುಂಬಿದೆ, ಕಾಳು ಬಿಡಿಬಿಡಿಯಾಗಿ ಕಾಣುತ್ತದಾ ಅಂತ ನೋಡಿ ಹೇಳಿದ್ದು. ನಾನು ಅದನ್ನೇ ಎಂ.ಎಸ್ಸಿ.ಯಲ್ಲಿ ಒಂದು ಇಡೀ ಸೆಮಿಸ್ಟರ್ ಕಲಿತೆ. ಮೀನು ಯಾವ ಹಂತದಲ್ಲಿದೆ ಎಂದು ಅಂಕಿ ಕೊಟ್ಟು ರೆಕಾರ್ಡ್ ಬುಕ್ಕಿನಲ್ಲಿ ಬರೆಯಬೇಕಿತ್ತು.

ಅವಳು ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದಾಳೆ. ಮುಂದೇನು ಅಂತ ಕೇಳಿದೆ. "ನರ್ಸಿಂಗ್ ಸಿಕ್ಕರೆ ನರ್ಸಿಂಗ್, ಇಲ್ಲಾಂದ್ರೆ ಗೊತ್ತಿಲ್ಲ ಅಕ್ಕ." ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಮಾರ್ಕೆಟ್ಟಿನಿಂದ ಆಟೋದಲ್ಲಿ ಹತ್ತು ನಿಮಿಷ. ಕಡಲ ಮೀನಿನ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಸಿಎಂಎಫ್‌ಆರ್‌ಐ, ಅದರ ಕೇಂದ್ರವೂ ಇದೇ ಊರಿನಲ್ಲಿದೆ. ಆ ಬೋರ್ಡುಗಳನ್ನು ಅವಳು ನೋಡಿದ್ದಾಳೆ. ಅದು ತನಗೂ ಸಂಬಂಧಪಟ್ಟದ್ದು ಅಂತ ಯಾರೂ ಅವಳಿಗೆ ಹೇಳಿಲ್ಲ, ಅಷ್ಟೇ.

ನಾನು ಓದಿದ್ದು ಬೇರೆ ಊರಿನಲ್ಲಿ. ನಮ್ಮ ಬ್ಯಾಚಿನಲ್ಲಿ ಮೀನುಗಾರರ ಮನೆಯಿಂದ ಬಂದವಳು ನಾನೊಬ್ಬಳೇ. ಡಾಕ್ಟರ್ ಸೀಟು ಸಿಗದೆ ಬಂದವರು ಜಾಸ್ತಿ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಎಷ್ಟೋ ಜನ ಈಗ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಆದರೆ ಸಮುದ್ರದ ಬಗ್ಗೆ ಓದುವ ಜಾಗದಲ್ಲಿ ಹರಿಕಂತ್ರ, ಖಾರ್ವಿ, ಅಂಬಿಗ, ದಾಲ್ದಿ ಮನೆಗಳ ಮಕ್ಕಳೇ ಇಲ್ಲ ಅಂದರೆ ಏನೋ ತಪ್ಪಿದೆ ಅಲ್ವಾ? ಹಾಲಕ್ಕಿ, ಸಿದ್ದಿ ಮಕ್ಕಳ ಮಾತಂತೂ ದೂರವೇ ಉಳಿಯಿತು. ಎಲ್ಲಿ ತಪ್ಪುತ್ತಿದೆ ಎಂದು ನಿಮ್ಮೆಲ್ಲರ ಹತ್ತಿರ ಕೇಳೋಣ ಅಂತ ಬರೆದೆ.

ಪಿಯು ಮೇಷ್ಟ್ರು, ಕುಮಟಾ ಕಡೆಯಿಂದ

ತಂಗಿ, ತಪ್ಪುವುದು ನಮ್ಮಲ್ಲೇ, ಪಿಯು ಹಂತದಲ್ಲೇ. ನಾನು ಜೀವಶಾಸ್ತ್ರ ಪಾಠ ಮಾಡುವವನು, ಆದ್ದರಿಂದ ಈ ಮಾತು ಹೇಳುವ ಜವಾಬ್ದಾರಿ ನನಗಿದೆ. ನಮ್ಮ ಕಾಲೇಜುಗಳಲ್ಲಿ "ಮುಂದೇನು" ಅಂತ ಕಾರ್ಯಕ್ರಮ ಮಾಡಿದರೆ ಮೆಡಿಕಲ್, ಇಂಜಿನಿಯರಿಂಗ್, ನರ್ಸಿಂಗ್, ಮುಗಿಯಿತು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ದೇಶದಲ್ಲೇ ಮೊದಲ ಮೀನುಗಾರಿಕೆ ಕಾಲೇಜು ಅದು. ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಕೋರ್ಸ್. ಅದಕ್ಕೆ ನೀಟ್ ಬೇಕಿಲ್ಲ, ಸಿಇಟಿ ಸಾಕು. ಸಿಇಟಿ ಬರೆದ ಮಕ್ಕಳಲ್ಲೇ ಎಷ್ಟೋ ಮಂದಿ ಆಪ್ಷನ್ ತುಂಬುವಾಗ ಆ ಕೋರ್ಸಿನ ಹೆಸರು ನೋಡಿ ಮುಂದೆ ಹೋಗಿಬಿಡುತ್ತಾರೆ. ಅದು ಏನು ಅಂತ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ. ಒಂದರಿಂದ ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5, ಹಳ್ಳಿಯಲ್ಲಿ ಓದಿದವರಿಗೆ ಶೇ. 15 ಮೀಸಲು ಇದೆ. ಹರಿಕಂತ್ರ, ಖಾರ್ವಿ, ಅಂಬಿಗ, ಹಾಲಕ್ಕಿ ಒಕ್ಕಲಿಗರು ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಅದಕ್ಕೆ ಶೇ. 4 ಸೀಟು, ಕೆನೆಪದರದ ಮಿತಿಯೂ ಇಲ್ಲ. ಇಷ್ಟೆಲ್ಲ ಇದ್ದೂ, ಸರ್ಟಿಫಿಕೇಟ್ ಮಾಡಿಸಿಲ್ಲ ಅಂತಲೇ ಸೀಟು ಕಳೆದುಕೊಂಡ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೊನೆಯ ದಿನ ನಾಡಕಚೇರಿ ಮುಂದೆ ನಿಂತು ಅಳುವ ಮಕ್ಕಳು. ನನ್ನ ನಿದ್ದೆ ಕೆಡಿಸುವುದು ಅದು.

ಬೈತಖೋಲ ತಾಂಡೇಲ

ನಾನು ಇಪ್ಪತ್ತೆರಡು ವರ್ಷದಿಂದ ಸಮುದ್ರಕ್ಕೆ ಹೋಗುವವನು. ಈಗ ಪರ್ಸಿನ್ (ಮೀನಿನ ಹಿಂಡನ್ನು ಸುತ್ತುವರಿಯುವ ದೊಡ್ಡ ಬಲೆಯ) ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್ ಇರುವುದರಿಂದ ಮನೆಯಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದೇನೆ.

ತಂಗಿ, ನೀವು ಹೇಳಿದ್ದು ಸರಿ ಇರಬಹುದು. ಆದರೆ ನಮ್ಮ ಮನೆಗಳ ಮಾತು ಕೇಳಿ. ನಾವು ಮಕ್ಕಳನ್ನು ಓದಿಸುವುದೇ ಸಮುದ್ರದಿಂದ ದೂರ ಹೋಗಲಿ ಅಂತ. ನನ್ನ ತಮ್ಮ ಗಾಳಿಮಳೆಯಲ್ಲಿ ಹೋದವನು ವಾಪಸ್ ಬರಲಿಲ್ಲ. ನನ್ನ ಹೆಂಡತಿಗೆ ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡದ್ದನ್ನು ನಾನೇ ನೋಡಿದ್ದೇನೆ. ಮಗಳು ಕಾಲೇಜಿಗೆ ಹೋಗುವಾಗ ಎರಡು ಸಲ ಸೋಪು ಹಾಕಿ ಕೈ ತೊಳೆಯುತ್ತಾಳೆ. ಅವಳ ಹತ್ತಿರ ಹೋಗಿ ಮೀನಿನ ಬಗ್ಗೆಯೇ ಓದು ಅಂದರೆ ಏನು ಅಂದುಕೊಂಡಾಳು? "ಅಪ್ಪ ನನ್ನನ್ನು ಮತ್ತೆ ಅಲ್ಲಿಗೇ ದಬ್ಬುತ್ತಿದ್ದಾನೆ" ಅನ್ನುತ್ತಾಳೆ.

ಓದಿದ ಮೇಲೆ ಕೆಲಸ ಸಿಗುತ್ತದೆ ಅಂತ ಯಾರು ಹೇಳುತ್ತಾರೆ? ಬ್ಯಾಂಕ್ ಕೆಲಸ ಅಂದರೆ ನಮಗೆ ಅರ್ಥ ಆಗುತ್ತದೆ. ಇದು ಅರ್ಥ ಆಗುವುದಿಲ್ಲ.

ಕಾಳಿ ದಂಡೆ, ಕಾರವಾರ

ಅಣ್ಣ, ನಿಮ್ಮ ತಮ್ಮನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲೂ ಚಿಕ್ಕಪ್ಪ ಹಾಗೇ ಹೋದರು.

ಕೈ ತೊಳೆಯುವ ಮಾತು ಬರೆದಿರಲ್ಲ, ನಾನೂ ಹಾಗೇ ಮಾಡಿದವಳು. ಹಾಸ್ಟೆಲ್‌ನಲ್ಲಿ ಅಮ್ಮನ ಕೆಲಸ ಏನು ಅಂತ ಕೇಳಿದರೆ "ವ್ಯಾಪಾರ" ಅನ್ನುತ್ತಿದ್ದೆ. ಎರಡನೇ ವರ್ಷದಲ್ಲಿ ಒಂದು ಪ್ರಾಕ್ಟಿಕಲ್ ಇತ್ತು. ಟ್ರೇ ತುಂಬ ಮೀನು ಇಟ್ಟು ಬೇರೆ ಮಾಡಿ ಅಂದರು. ಎಲ್ಲರೂ ಪುಸ್ತಕ ತೆಗೆದು ರೆಕ್ಕೆಯ ಮುಳ್ಳು ಎಣಿಸುತ್ತಿದ್ದಾಗ ನನ್ನ ಕೈ ತಾನೇ ವಿಂಗಡಿಸಿಬಿಟ್ಟಿತ್ತು. ತಾರ್ಲೆ ಒಂದು ಕಡೆ, ಪೇಡಿ ಒಂದು ಕಡೆ, ನೊಗಲಿ ಒಂದು ಕಡೆ. ಮೇಡಂ ಬಂದು "ಹೇಗೆ ಗೊತ್ತಾಯಿತು" ಎಂದಾಗ ಮೊದಲ ಸಲ ಅಮ್ಮ ಮೀನು ಮಾರುತ್ತಾಳೆ ಎಂದು ಕ್ಲಾಸಿನಲ್ಲಿ ಹೇಳಿದೆ. ಆ ದಿನದಿಂದ ನನಗೆ ಓದು ಸುಲಭವಾಯಿತು.

ಕೆಲಸದ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾಯಂ ಕೆಲಸ ಬೇಗ ಸಿಗುವುದಿಲ್ಲ. ಪ್ರಾಜೆಕ್ಟ್ ಕೆಲಸಗಳು ಪ್ರಾಜೆಕ್ಟ್ ಮುಗಿದರೆ ಮುಗಿದವು. ನಾನು ಒಂದು ಕಡೆ ಆರು ತಿಂಗಳು ಸಂಬಳ ತಡವಾಗಿ ಪಡೆದಿದ್ದೇನೆ. ಆದರೆ ದಾರಿಗಳು ಇವೆ. ಬಿ.ಎಫ್.ಎಸ್ಸಿ. ಮಾಡಿದವರಿಗೆ ರಾಜ್ಯ ಮೀನುಗಾರಿಕೆ ಇಲಾಖೆಯಲ್ಲಿ ಹುದ್ದೆ ಇವೆ. ಸಿಎಂಎಫ್‌ಆರ್‌ಐ ಇದೆ, 1947ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಕೊಚ್ಚಿಯಲ್ಲಿ. ರಫ್ತು ನೋಡಿಕೊಳ್ಳುವ ಎಂಪೆಡಾ ಇದೆ. ಗೋವಾದ ದೋನಾ ಪೌಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಎನ್‌ಐಒ ಇದೆ, ನಮ್ಮಿಂದ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರ. ಖಾಸಗಿಯಲ್ಲಿ ಸಿಗಡಿ ಮರಿ ಕೇಂದ್ರ, ಮೀನು ಸಂಸ್ಕರಣೆ ಘಟಕಗಳ ಲ್ಯಾಬ್. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಸಂಶೋಧನಾ ವೇತನ) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಕೊಟ್ಟು ಪಿಎಚ್.ಡಿ. ಮಾಡಿಸುತ್ತಾರೆ. 2023ರಿಂದ ಆ ಮೊತ್ತ. ಎಸ್ಸೆಸ್ಸೆಲ್ಸಿ ಮಾತ್ರ ಆದವರಿಗೂ ಕೊಚ್ಚಿಯಲ್ಲಿರುವ ಮೀನುಗಾರಿಕೆ ತರಬೇತಿ ಸಂಸ್ಥೆ ಸಿಫ್ನೆಟ್‌ನಲ್ಲಿ ಹಡಗು ನಡೆಸುವ, ಇಂಜಿನ್ ನೋಡಿಕೊಳ್ಳುವ ಕೋರ್ಸುಗಳಿವೆ.

ಇನ್ನೊಂದು ಮಾತು ಅಣ್ಣ. ಮೀನು ಎಲ್ಲಿ ಸಿಗಬಹುದು ಅಂತ ನಿಮ್ಮ ಫೋನಿಗೆ ಮಾಹಿತಿ ಬರುತ್ತದಲ್ಲ, ಅದು ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್ಕಾಯಿಸ್ ಕಳಿಸುವುದು. ಉಪಗ್ರಹದಿಂದ ನೀರಿನ ಬಿಸಿ ಎಷ್ಟು, ಹಸಿರು ಎಷ್ಟು ಅಂತ ನೋಡುತ್ತಾರೆ. ಬಿಸಿ ನೀರು ತಂಪು ನೀರು ಸೇರುವ ಗೆರೆಯಲ್ಲಿ ಸಣ್ಣ ಪಾಚಿ ಬೆಳೆಯುತ್ತದೆ, ಅದನ್ನು ತಿನ್ನಲು ಸಣ್ಣ ಜೀವಿ, ಅದನ್ನು ತಿನ್ನಲು ತಾರ್ಲೆ. ನೀವು ನೀರಿನ ಬಣ್ಣ ಮತ್ತು ಹಕ್ಕಿ ನೋಡಿ ಬಲೆ ಬಿಡುವುದೂ ಇದನ್ನೇ. ನಿಮ್ಮ ಮಗಳು ಆ ಕಂಪ್ಯೂಟರ್ ಮುಂದೆ ಕೂತರೆ ಆ ಮಾಹಿತಿ ಇನ್ನೂ ಚೆನ್ನಾಗಿ ಬರುತ್ತದೆ ಎಂದು ನಾನು ನಿಜವಾಗಿ ನಂಬಿದ್ದೇನೆ. ಯಾಕೆಂದರೆ ದಡದಲ್ಲಿ ಏನು ಬೇಕು ಅಂತ ಅವಳಿಗೆ ಗೊತ್ತು.

ಅಘನಾಶಿನಿ ಹೊಳೆಮನೆ

ನಾನು ಹೊಳೆ ಬದಿಯ ಹಾಲಕ್ಕಿ ಮನೆಯವಳು. ನನ್ನ ಅತ್ತೆ ನಲವತ್ತು ವರ್ಷ ಬೆಳಚು (ಹೊಳೆಯ ಮರಳಿನಲ್ಲಿ ಸಿಗುವ, ತಿನ್ನುವ ಚಿಪ್ಪು) ತೆಗೆದವರು. ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಕಾಲಿನಲ್ಲೇ ಹುಡುಕುತ್ತಾರೆ. ಮರಳು ಎಲ್ಲಿ ಮೆತ್ತಗಾಗಿದೆ, ಯಾವ ವರ್ಷ ಮರಿ ಕಡಿಮೆ, ಯಾವ ಮಳೆಗೆ ಬೆಳಚು ಸಾಯುತ್ತವೆ, ಎಲ್ಲವೂ ಅವರಿಗೆ ಬಾಯಿಪಾಠ.

ಒಂದು ಸಲ ಒಂದು ಸಂಸ್ಥೆಯವರು ಬಂದು ಮೂರು ತಿಂಗಳು ನಮ್ಮಲ್ಲಿ ಓಡಾಡಿದರು. ಅತ್ತೆ ಅವರ ಜೊತೆ ದೋಣಿಯಲ್ಲಿ ಹೋಗಿ ಜಾಗ ತೋರಿಸಿದರು, ಚೌಕಟ್ಟು ಹಿಡಿದರು, ಚಿಪ್ಪು ಎಣಿಸಿದರು. ದಿನಗೂಲಿ ಕೊಟ್ಟರು, ಅದನ್ನು ಇಲ್ಲ ಅನ್ನುವುದಿಲ್ಲ. ಆಮೇಲೆ ಯಾರೂ ಬರಲಿಲ್ಲ. ಏನು ಸಿಕ್ಕಿತು ಅಂತ ಹೇಳಲಿಲ್ಲ. ಅವರ ವರದಿ ನನ್ನ ಮಗ ಹುಡುಕಿ ತೆಗೆದ. ಇಂಗ್ಲಿಷಿನಲ್ಲಿತ್ತು. "ಸ್ಥಳೀಯ ಮಹಿಳೆ" ಎಂದು ಒಂದು ಕಡೆ ಇತ್ತು. ಅದು ನಮ್ಮ ಅತ್ತೆ.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಮಗೂ ಹೆಮ್ಮೆ. ಇನ್ನು ಮುಂದೆ ಅಧ್ಯಯನ ಜಾಸ್ತಿ ನಡೆಯುತ್ತದೆ. ನಾನು ಕೇಳುವುದು ಒಂದೇ. ಬರುವವರು ನಮ್ಮ ಊರಿನ ಓದಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಂಬಳ ಕೊಟ್ಟು ಸಹಾಯಕರಾಗಿ ಇಟ್ಟುಕೊಳ್ಳಲಿ. ಕೂಲಿಯಾಗಿ ಅಲ್ಲ. ಮೈಕ್ರೋಸ್ಕೋಪ್ ಮುಂದೆ ಅವರನ್ನೂ ಕೂರಿಸಲಿ. ವರದಿಯಲ್ಲಿ ಹೆಸರು ಹಾಕಲಿ. ಅದನ್ನು ನೋಡಿದ ಇನ್ನೊಂದು ಮಗು ತಾನಾಗಿ ಬಿ.ಎಸ್ಸಿ. ಸೇರುತ್ತದೆ.

ನಮ್ಮವರೇ ಆದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ, ಯಾವ ಬೀಜ ಯಾವ ಮರದಿಂದ ಯಾವಾಗ ತೆಗೆಯಬೇಕು ಎಂದು ಎಲ್ಲರಿಗೂ ಕಲಿಸಿದರು. ಪದ್ಮಶ್ರೀ ಬರುವಾಗ ಅವರಿಗೆ ಎಪ್ಪತ್ತು ದಾಟಿತ್ತು. ಕಡಲಿನ ಕಡೆ ಅಂಥವರು ಎಷ್ಟು ಜನ ಇದ್ದಾರೋ, ಅವರ ಮೊಮ್ಮಕ್ಕಳಾದರೂ ಇಪ್ಪತ್ತೈದಕ್ಕೇ ಗುರುತಾಗಲಿ.

ಘಟ್ಟದ ಮೇಲಿನವ, ಶಿರಸಿ

ಕರಾವಳಿಯವರ ಮಾತಿಗೆ ಘಟ್ಟದಿಂದ ಒಂದು ಸೇರಿಸುತ್ತೇನೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಇರುವುದರಿಂದ ನಮ್ಮ ಮಕ್ಕಳಿಗೆ ಅರಣ್ಯಶಾಸ್ತ್ರ ಅಂದರೆ ಏನು ಅಂತ ಗೊತ್ತು. ಅಲ್ಲಿ ಓದಿದ ಯಾರೋ ಒಬ್ಬರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಸಮುದ್ರ ಮಾತ್ರ ನಮಗೆ ವರ್ಷಕ್ಕೊಮ್ಮೆ ಗೋಕರ್ಣಕ್ಕೆ ಹೋದಾಗ ಕಾಣುವುದು.

ಆದರೆ ಅಘನಾಶಿನಿಯ ಒಂದು ಕವಲು ಹುಟ್ಟುವುದು ನಮ್ಮ ಶಂಕರ ಹೊಂಡದಲ್ಲಿ. ಇಲ್ಲಿ ಮಳೆ ಹೆಚ್ಚಾದರೆ ಅಲ್ಲಿ ಅಳಿವೆಯ ಉಪ್ಪು ಇಳಿಯುತ್ತದೆ. ಇಲ್ಲಿ ಗುಡ್ಡ ಕಡಿದರೆ ಅಲ್ಲಿ ಕೆಸರು ಕೂರುತ್ತದೆ. ಆ ಹೊಳೆಗೆ ಅಣೆಕಟ್ಟಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಲ್ಲ ಇವೆ. ಒಂದೇ ಜಿಲ್ಲೆಯ ಎರಡು ಹೊಳೆ ಹೋಲಿಸಿ ನೋಡಿದರೆ ಎಷ್ಟು ಕಲಿಯಬಹುದು! ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗೂ ಇದು ತಮ್ಮ ವಿಷಯವೇ ಎಂದು ಅನಿಸಬೇಕು.

ಯಲ್ಲಾಪುರ ಕಾಡಿನಿಂದ

ಮೇಲಿನ ಅಣ್ಣ ಯಲ್ಲಾಪುರ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸಿದ್ದಿ ಹುಡುಗ, ನಮ್ಮ ಹಿರಿಯರು ಆಫ್ರಿಕಾ ಮೂಲದವರು. ಪ್ರಾಣಿಶಾಸ್ತ್ರ ಬಿ.ಎಸ್ಸಿ. ಮುಗಿಸಿದ್ದೇನೆ. ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅದರಿಂದ ಹಾಸ್ಟೆಲ್, ಫೀಸು ಎಲ್ಲ ಸಿಕ್ಕಿತು.

ಸೀಟು ಸಿಕ್ಕ ಮೇಲಿನ ಕಷ್ಟ ಬೇರೆ. ಒಂದು ಕಡೆ ಫೀಲ್ಡ್ ಟ್ರಿಪ್‌ಗೆ ಹೋದಾಗ ಗೇಟಿನವರು ಎಲ್ಲರನ್ನೂ ಒಳಗೆ ಬಿಟ್ಟು ನನ್ನ ಒಬ್ಬನ ಐಡಿ ಕೇಳಿದರು. "ಯಾವ ದೇಶ" ಅಂದರು. ನನ್ನ ಜೊತೆಯವರು ನಕ್ಕರು. ನಾನು ಕನ್ನಡದಲ್ಲಿ ಊರು, ಪಂಚಾಯ್ತಿ ಹೇಳಿದೆ. ನಗು ನಿಂತಿತು. ಮೇಷ್ಟ್ರು ಆ ಹೊತ್ತಿಗೆ ಒಂದು ಮಾತು ಆಡಿದ್ದರೆ ಚೆನ್ನಾಗಿತ್ತು, ಆಡಲಿಲ್ಲ. ಹೊಸ ಮಕ್ಕಳನ್ನು ಕರೆಯುವ ಮುಂಚೆ ಒಳಗಿರುವವರು ಇದಕ್ಕೂ ತಯಾರಾಗಬೇಕು ಎಂಬುದು ನನ್ನ ಮಾತು. ಎಂ.ಎಸ್ಸಿ.ಗೆ ಕೋಡಿಬಾಗಕ್ಕೆ ಅರ್ಜಿ ಹಾಕುವ ಮನಸ್ಸಿದೆ. ಯಾರಾದರೂ ದಾರಿ ಹೇಳಿದರೆ ಉಪಕಾರ.

ಕಾಳಿ ದಂಡೆ, ಕಾರವಾರ

ತಮ್ಮಾ, ನನಗೆ ಮೆಸೇಜ್ ಮಾಡು. ಅರ್ಜಿ ನಾನೇ ಜೊತೆ ಕೂತು ತುಂಬಿಸುತ್ತೇನೆ. ನಿನಗೆ ಆದದ್ದು ತಪ್ಪು. ಅಂಥ ಹೊತ್ತಿನಲ್ಲಿ ಬಾಯಿ ಬಿಡದ ಮೇಷ್ಟ್ರು ಇನ್ನೂ ದೊಡ್ಡ ತಪ್ಪು ಮಾಡಿದರು.

ಅಲೆ ಎಣಿಸುವವಳು, ಅಂಕೋಲಾ

ಹುಡುಗಿಯರ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ. ಸ್ಯಾಂಪಲ್ ತೆಗೆಯಲು ಬೋಟಿಗೆ ಹೋದರೆ ಬೋಟಿನಲ್ಲಿ ಶೌಚಾಲಯ ಇರುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ಮಧ್ಯಾಹ್ನದ ತನಕ ನೀರು ಕುಡಿಯದೆ ಇರುತ್ತಿದ್ದೆವು. ತಿಂಗಳ ದಿನಗಳಲ್ಲಿ ಏನು ಮಾಡುವುದು? ನನ್ನ ಗೆಳತಿ ಒಬ್ಬಳು ಇದೇ ಕಾರಣಕ್ಕೆ ಪಿಎಚ್.ಡಿ. ವಿಷಯವನ್ನೇ ಬದಲಿಸಿ ಲ್ಯಾಬ್ ಕೆಲಸ ತೆಗೆದುಕೊಂಡಳು. ಅವಳಿಗೆ ಸಮುದ್ರ ಇಷ್ಟ ಇಲ್ಲ ಅಂತ ಗೈಡ್ ಅಂದುಕೊಂಡರು. ಅವಳು ಹೇಳಲೂ ಇಲ್ಲ. ಒಂದು ಮಡಚುವ ಟೆಂಟು, ಒಂದು ಮುಚ್ಚಳದ ಬಕೆಟ್ಟು, ಇಷ್ಟಕ್ಕೆ ಪ್ರಾಜೆಕ್ಟಿನ ಹಣದಲ್ಲಿ ಜಾಗ ಇಟ್ಟರೆ ಆಗುತ್ತಿತ್ತು. ಜೊತೆಗೆ ಯಾವಾಗಲೂ ಇಬ್ಬರು ಹುಡುಗಿಯರನ್ನು ಕಳಿಸಿ, ಒಬ್ಬಳನ್ನೇ ಬೇಡ.

ಗೋವಾದ ಎನ್‌ಐಒದಲ್ಲಿದ್ದ ಅದಿತಿ ಪಂತ್ ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ 1983ರಲ್ಲಿ ಹೊರಟ ಅಂಟಾರ್ಕ್ಟಿಕಾ ತಂಡದಲ್ಲಿದ್ದರು. ಅಲ್ಲಿಗೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು. ನಲವತ್ತು ವರ್ಷದ ಹಿಂದೆ ಅಂಟಾರ್ಕ್ಟಿಕಾಕ್ಕೆ ಹೆಂಗಸರನ್ನು ಕಳಿಸಲು ಆಯಿತು ಅಂದರೆ ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭದ ಹತ್ತಿರ ಹೋಗಿ ಬರಲು ಯಾಕೆ ಆಗಬಾರದು?

ಒಂದು ಕೋಲು, ಹೊನ್ನಾವರ

ನನ್ನ ಬಲಗಾಲಿಗೆ ಪೋಲಿಯೊ. "ನಿನಗೆ ಬೋಟು ಹತ್ತಲು ಆಗಲ್ಲ" ಅಂತ ಸಂದರ್ಶನದಲ್ಲೇ ಹೇಳಿದರು. ಈಗ ಮೀನಿನ ವಯಸ್ಸು ಪತ್ತೆ ಮಾಡುವ ಕೆಲಸ ಮಾಡುತ್ತೇನೆ. ಮೀನಿನ ತಲೆಯೊಳಗೆ ಸಣ್ಣ ಕಿವಿಕಲ್ಲು ಇರುತ್ತದೆ. ಅದನ್ನು ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮರದಲ್ಲಿ ಇರುವ ಹಾಗೆ ಬಳೆಗಳು. ಎಣಿಸಲು ತಾಳ್ಮೆ ಬೇಕು, ಕಾಲು ಬೇಕಿಲ್ಲ. ಸಮುದ್ರ ವಿಜ್ಞಾನ ಅಂದರೆ ಈಜುವವರಿಗೆ ಮಾತ್ರ ಅಂತ ಯಾರೂ ಮಕ್ಕಳಿಗೆ ಹೇಳಬೇಡಿ.

ಪಿಯು ಮೇಷ್ಟ್ರು, ಕುಮಟಾ ಕಡೆಯಿಂದ

ಭಾಷೆಯ ಮಾತು ಬಾಕಿ ಇದೆ. ಸಿಎಸ್ಐಆರ್ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ನಮ್ಮ ಮಕ್ಕಳಿಗೆ ಎರಡೂ ಪರಭಾಷೆ. ಕನ್ನಡ ಮಾಧ್ಯಮದ ಹುಡುಗಿ ಡಿಗ್ರಿಗೆ ಹೋದ ಮೊದಲ ದಿನ "ಗಿಲ್ಸ್" ಅಂದರೆ ಏನು ಅಂತ ತಿಳಿಯದೆ ಕೂತಿರುತ್ತಾಳೆ. ಕಿವಿರು ಅಂದಿದ್ದರೆ ಅವಳೇ ಪಾಠ ಮಾಡುತ್ತಿದ್ದಳು. ಮೊದಲ ಎರಡು ತಿಂಗಳು ಎರಡೂ ಭಾಷೆಯ ಪದ ಬೋರ್ಡಿನ ಮೇಲೆ ಬರೆದರೆ ಸಾಕು, ಆಮೇಲೆ ಅವರೇ ಓಡುತ್ತಾರೆ. ನಾನು ಮಾಡಿ ನೋಡಿದ್ದೇನೆ.

ಮಕ್ಕಳಿಗೆ ನಾನು ಒಂದು ಕಥೆ ಹೇಳುತ್ತೇನೆ. ಬಂಗಡೆಯ ವೈಜ್ಞಾನಿಕ ಹೆಸರು ರಾಸ್ಟ್ರೆಲ್ಲಿಗರ್ ಕನಗುರ್ಟಾ. ಮಕ್ಕಳು ಲ್ಯಾಟಿನ್ ಅಂತ ಹೆದರುತ್ತಾರೆ. ಕನಗುರ್ಟಾ ಲ್ಯಾಟಿನ್ ಅಲ್ಲ, ತೆಲುಗು! ಪ್ಯಾಟ್ರಿಕ್ ರಸೆಲ್ ಎಂಬ ಡಾಕ್ಟರು ವಿಶಾಖಪಟ್ಟಣದಲ್ಲಿ ಸಿಗುವ ಮೀನುಗಳ ಚಿತ್ರ ಬರೆಸಿ, ಅಲ್ಲಿನವರು ಕರೆಯುವ ಹೆಸರನ್ನೇ ಅದರ ಪಕ್ಕ ಹಾಕಿ 1803ರಲ್ಲಿ ಅಚ್ಚು ಹಾಕಿಸಿದರು. ಮುಂದೆ ಫ್ರಾನ್ಸಿನ ಕುವಿಯೆ ಅದೇ ಹೆಸರು ಉಳಿಸಿಕೊಂಡರು. ದಡದ ಮೇಲೆ ನಿಂತು ಮೀನಿನ ಹೆಸರು ಹೇಳಿದ ಆ ಮನುಷ್ಯ ಯಾರೋ ನಮಗೆ ಗೊತ್ತಿಲ್ಲ. ಅವನ ಮಾತು ಮಾತ್ರ ಇವತ್ತು ಜಪಾನಿನಲ್ಲೂ ಪುಸ್ತಕದಲ್ಲಿದೆ. ಈ ಕಥೆ ಹೇಳಿದ ದಿನ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಬೈತಖೋಲ ತಾಂಡೇಲ

ಎಲ್ಲ ಓದಿದೆ. ಮಗಳಿಗೂ ಓದಿ ಹೇಳಿದೆ. ಅವಳು ಫಸ್ಟ್ ಪಿಯು. ಏನೂ ಹೇಳಲಿಲ್ಲ. ಕಿವಿಕಲ್ಲಿನ ವಿಷಯ ಮಾತ್ರ ಎರಡು ಸಲ ಓದಿಸಿದಳು. ನಾನು ಇನ್ನೂ ಒಪ್ಪಿಲ್ಲ, ಒಪ್ಪಿದೆ ಅಂತ ಸುಳ್ಳು ಹೇಳುವುದಿಲ್ಲ. ಬ್ಯಾಂಕ್ ಪರೀಕ್ಷೆಯೇ ನನ್ನ ಮನಸ್ಸಿನಲ್ಲಿದೆ.

ಆದರೆ ಅಂಕೋಲಾದ ತಂಗಿ ಬರೆದದ್ದು ಓದಿ ನಾಚಿಕೆಯಾಯಿತು. ಸ್ಯಾಂಪಲ್ ತೆಗೆಯುವ ಮಕ್ಕಳು ನಮ್ಮ ಬೋಟಿಗೂ ಬಂದಿದ್ದಾರೆ. ನೀರು ಕೊಟ್ಟರೆ ಬೇಡ ಅನ್ನುತ್ತಿದ್ದರು. ಯಾಕೆ ಅಂತ ನಾವು ಕೇಳಲಿಲ್ಲ. ಆಗಸ್ಟಿನಲ್ಲಿ ಬೋಟು ಇಳಿಸುವ ಮುಂಚೆ ಹಿಂದಿನ ಕ್ಯಾಬಿನ್ ಬದಿಗೆ ಒಂದು ತಗಡಿನ ಕೋಣೆ ಮಾಡಿಸಬಹುದಾ ಅಂತ ಮಾಲೀಕರ ಹತ್ತಿರ ಕೇಳುತ್ತೇನೆ. ಪ್ಲೈವುಡ್ ನಮ್ಮಲ್ಲೇ ಇದೆ.

ಕಾಳಿ ದಂಡೆ, ಕಾರವಾರ

ಅಣ್ಣ, ಒಪ್ಪದಿದ್ದರೂ ಪರವಾಗಿಲ್ಲ. ಮಗಳನ್ನು ಒಂದು ಭಾನುವಾರ ಕರೆದುಕೊಂಡು ಬನ್ನಿ, ಹೊನ್ನಾವರದ ಅಣ್ಣನ ಹತ್ತಿರ ಒಂದು ಕಿವಿಕಲ್ಲು ಕೇಳಿ ಇಟ್ಟುಕೊಂಡಿರುತ್ತೇನೆ.

ಮಾರ್ಕೆಟ್ಟಿನ ಹುಡುಗಿ ನಿನ್ನೆ ನಮ್ಮ ಮನೆಗೆ ಬಂದಿದ್ದಳು, ಅಮ್ಮನ ಜೊತೆ. ಸಿಇಟಿ ಬರೆದಿದ್ದಾಳಂತೆ. ಪ್ರವರ್ಗ 1ರ ಸರ್ಟಿಫಿಕೇಟ್ ಇದೆ. ಕನ್ನಡ ಮಾಧ್ಯಮದ್ದು ಮಾಡಿಸಿಲ್ಲ. ಮೇಷ್ಟ್ರೇ, ಅವಳು ಏಳನೇ ತನಕ ಒಂದು ಶಾಲೆ, ಆಮೇಲೆ ಹೈಸ್ಕೂಲು ಬೇರೆ. ಎರಡೂ ಕಡೆಯಿಂದ ಬರೆಸಬೇಕಾ?

ಪಿಯು ಮೇಷ್ಟ್ರು, ಕುಮಟಾ ಕಡೆಯಿಂದ

ಹೌದು ತಂಗಿ, ಎರಡೂ ಕಡೆಯಿಂದ. ಯಾವ ತರಗತಿಯಿಂದ ಯಾವ ತರಗತಿ ತನಕ, ಯಾವ ಮಾಧ್ಯಮ ಅಂತ ಸ್ಪಷ್ಟ ಇರಲಿ, ಬಿಇಒ ಕಚೇರಿಯ ಸಹಿ ಮರೆಯಬೇಡಿ. ಸೋಮವಾರವೇ ಹೋಗಿ. ಮಳೆ ಜೋರಾದರೆ ಕಚೇರಿಯಲ್ಲಿ ಕರೆಂಟ್ ಇರುವುದಿಲ್ಲ.